ಒಳಹರಿವು, ಹೊರಹರಿವು: ಕುಡಿಯುವ ನೀರಿನ ಒಂದು ಪಾಠ

ಅಭ್ಯಾಸ ಬೋಧನೆಗಾಗಿ ನನ್ನನ್ನು ಕೆ.ಆರ್.ಪೇಟೆ ತಾಲ್ಲೂಕಿನ ಬೂಕನಕೆರೆ ಹೋಬಳಿಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ನಿಯೋಜಿಸಿದ್ದರು. ಆರನೇ ತರಗತಿಯ ವಿಜ್ಞಾನದಲ್ಲಿ ಆಹಾರದ ಘಟಕಗಳ ಪಾಠ ನನ್ನ ಪಾಲಿಗೆ ಬಂದಿತ್ತು. ಪಿಷ್ಟ, ಪ್ರೋಟೀನು, ಕೊಬ್ಬು, ವಿಟಮಿನ್ನುಗಳಿಗೆ ಹೆಚ್ಚು ಅವಧಿ ಕೊಟ್ಟು, ನೀರಿಗೆ ಒಂದೇ ಅವಧಿ ಸಾಕೆಂದು ಪಾಠ ಯೋಜನೆ ಬರೆದಿದ್ದೆ. ನೀರಿನ ಬಗ್ಗೆ ಮಕ್ಕಳಿಗೆ ಗೊತ್ತಿಲ್ಲದ್ದು ಏನಿದೆ ಎಂಬುದು ನನ್ನ ಎಣಿಕೆಯಾಗಿತ್ತು.

ಆ ಅವಧಿ ಸಲೀಸಾಗಿಯೇ ಮುಗಿಯಿತು. ಚಾರ್ಟ್ ತೂಗುಹಾಕಿದೆ. ‘ದಿನಕ್ಕೆ ಎಂಟು ಲೋಟ ನೀರು ಕುಡಿಯಬೇಕು’ ಎಂದು ಕಪ್ಪುಹಲಗೆಯ ಮೇಲೆ ಬರೆದೆ. ಮೌಲ್ಯಮಾಪನದ ಹಂತದಲ್ಲಿ ಪ್ರಶ್ನೆ ಕೇಳಿದಾಗ ಇಡೀ ತರಗತಿ ಒಂದೇ ದನಿಯಲ್ಲಿ ‘ಎಂಟು ಲೋಟ’ ಎಂದಿತು. ಹಿಂದಿನ ಬೆಂಚಿನಲ್ಲಿ ಕುಳಿತು ವೀಕ್ಷಿಸುತ್ತಿದ್ದ ನಮ್ಮ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಎರಡೇ ವಾಕ್ಯ ಬರೆದರು: ‘ವಿವರಣೆ ಸ್ಪಷ್ಟವಾಗಿದೆ. ಇವತ್ತು ಈ ಮಕ್ಕಳು ನೀರು ಕುಡಿದಿದ್ದಾರೆಯೇ ಎಂದು ನೀವು ಕೇಳಲಿಲ್ಲ.’

ಅದನ್ನು ಓದಿ ಮೊದಲು ಬೇಸರವಾಯಿತು. ಆಮೇಲೆ ತರಗತಿ ಶಿಕ್ಷಕಿಯವರ ಅನುಮತಿ ಪಡೆದು ಅದೇ ವಿಷಯವನ್ನು ಮತ್ತೊಮ್ಮೆ ಬೋಧಿಸಿದೆ. ಈ ಲೇಖನ ಆ ಎರಡನೆಯ ಪಾಠದ ಬಗ್ಗೆ.

ಕಟ್ಟೆಯಿಂದ ಮೈಗೆ

ಫೆಬ್ರವರಿ ತಿಂಗಳು. ಬಿಸಿಲು ಏರತೊಡಗಿತ್ತು. ಈ ಸಲ ಚಾರ್ಟ್ ಒಯ್ಯಲಿಲ್ಲ. ‘ಕನ್ನಂಬಾಡಿ ಕಟ್ಟೆ ತುಂಬಿದರೆ ಎಷ್ಟು ಅಡಿ?’ ಎಂದು ಕೇಳಿದೆ. ಕೇಳಿ ಮುಗಿಸುವ ಮೊದಲೇ ಉತ್ತರ ಬಂತು: ‘ನೂರ ಇಪ್ಪತ್ನಾಕು ಪಾಯಿಂಟ್ ಎಂಬತ್ತು, ಮಿಸ್!’ ಮಂಡ್ಯ ಜಿಲ್ಲೆಯ ಮಕ್ಕಳಿಗೆ ಈ ಅಂಕಿಯನ್ನು ಯಾರೂ ಕಲಿಸಬೇಕಿಲ್ಲ. ಕಾವೇರಿಗೆ ಹೇಮಾವತಿ, ಲಕ್ಷ್ಮಣತೀರ್ಥ ಬಂದು ಸೇರುವಲ್ಲಿ ಕಟ್ಟಿದ ಈ ಅಣೆಕಟ್ಟಿನ ಮಟ್ಟ, ಒಳಹರಿವು, ಹೊರಹರಿವು ದಿನವೂ ಪತ್ರಿಕೆಯಲ್ಲಿ ಬರುತ್ತವೆ. ಮನೆಯಲ್ಲಿ ಅಪ್ಪ ಅದನ್ನು ಓದಿ ಹೇಳುತ್ತಾರೆ. ಬೆಳೆ ಇಡಬೇಕೋ ಬೇಡವೋ ಎಂಬುದು ಆ ಅಂಕಿಯ ಮೇಲೆ ನಿಂತಿರುತ್ತದೆ.

‘ಇವತ್ತು ಬೆಳಿಗ್ಗೆಯಿಂದ ನಿನ್ನ ಮೈಗೆ ಎಷ್ಟು ನೀರಿನ ಒಳಹರಿವು ಆಗಿದೆ?’ ಎಂದು ಮುಂದಿನ ಪ್ರಶ್ನೆ ಕೇಳಿದೆ. ತರಗತಿ ಸುಮ್ಮನಾಯಿತು. ಪಾಠ ಶುರುವಾದದ್ದು ಅಲ್ಲಿಂದ.

ಮೊದಲು ಜಲಾಶಯದ ಗಾತ್ರ. ವಯಸ್ಕರ ದೇಹದ ತೂಕದಲ್ಲಿ ಸುಮಾರು ಶೇ. 60ರಷ್ಟು ನೀರು. ಮಕ್ಕಳಲ್ಲೂ ಹೆಚ್ಚುಕಡಿಮೆ ಇಷ್ಟೇ. ನವಜಾತ ಶಿಶುವಿನಲ್ಲಿ ಇನ್ನೂ ಹೆಚ್ಚು. ಆರನೇ ತರಗತಿಯ ಮಗು 30 ಕೆ.ಜಿ. ಇದ್ದರೆ ಅದರ ಮೈಯಲ್ಲಿರುವ ನೀರು ಸುಮಾರು 18 ಲೀಟರ್. ಊರಿನ ಶುದ್ಧ ನೀರಿನ ಘಟಕದಿಂದ ತರುವ 20 ಲೀಟರ್ ಕ್ಯಾನನ್ನು ತೋರಿಸಿ ‘ನಿನ್ನೊಳಗಿರುವುದು ಇದಕ್ಕಿಂತ ಸ್ವಲ್ಪ ಕಡಿಮೆ’ ಎಂದಾಗ ಮಕ್ಕಳು ಕ್ಯಾನನ್ನೂ ತಮ್ಮ ಮೈಯನ್ನೂ ನೋಡಿಕೊಂಡರು. ಈ ನೀರು ಒಂದೇ ಕಡೆ ನಿಂತಿಲ್ಲ. ಸುಮಾರು ಮೂರನೇ ಎರಡು ಪಾಲು ಜೀವಕೋಶಗಳ ಒಳಗಿದೆ. ಉಳಿದದ್ದು ರಕ್ತದಲ್ಲಿ, ಕೋಶಗಳ ನಡುವೆ ಇದೆ.

ಆಮೇಲೆ ಒಳಹರಿವು. ಮಕ್ಕಳೇ ಪಟ್ಟಿ ಮಾಡಿದರು: ನೀರು, ಟೀ, ಮಜ್ಜಿಗೆ, ಶಾಲೆಯಲ್ಲಿ ಕೊಡುವ ಹಾಲು. ‘ಅನ್ನದಲ್ಲಿ?’ ಎಂದೆ. ನಗು ಬಂತು. ಬೆಂದ ಅನ್ನದ ತೂಕದಲ್ಲಿ ಸುಮಾರು ಮೂರನೇ ಎರಡು ಪಾಲು ನೀರೇ. ಮುದ್ದೆಗೆ ಎಸರಿಟ್ಟ ನೀರು ಎಲ್ಲಿ ಹೋಯಿತು ಎಂದು ಕೇಳಿದರೆ ಮಕ್ಕಳೇ ಹೇಳುತ್ತಾರೆ. ಸೌತೆಕಾಯಿಯಲ್ಲಿ ಶೇ. 95ರಷ್ಟು ನೀರು. ಇದಲ್ಲದೆ ಆಹಾರ ದೇಹದಲ್ಲಿ ಉತ್ಕರ್ಷಣಗೊಳ್ಳುವಾಗಲೂ ಸ್ವಲ್ಪ ನೀರು ಹುಟ್ಟುತ್ತದೆ. ವಯಸ್ಕರಲ್ಲಿ ಅದು ದಿನಕ್ಕೆ ಕಾಲು ಲೀಟರಿನಷ್ಟು.

ಹೊರಹರಿವು

ಹೊರಹರಿವು ಎಂದ ಕೂಡಲೇ ಮಕ್ಕಳು ಮೂತ್ರ ಎಂದರು, ಬೆವರು ಎಂದರು. ಉಸಿರು ಎಂದು ಯಾರೂ ಹೇಳಲಿಲ್ಲ. ಪುಟ್ಟ ಕನ್ನಡಿಯೊಂದನ್ನು ಸಾಲಿನಲ್ಲಿ ಕಳಿಸಿ ಅದರ ಮೇಲೆ ಉಸಿರು ಬಿಡಲು ಹೇಳಿದೆ. ಕನ್ನಡಿ ಮಬ್ಬಾಯಿತು. ನಾವು ಸುಮ್ಮನೆ ಕುಳಿತಿದ್ದರೂ ಉಸಿರಿನ ಮೂಲಕ, ಚರ್ಮದ ಮೂಲಕ ನೀರು ಹೋಗುತ್ತಲೇ ಇರುತ್ತದೆ ಎಂಬುದಕ್ಕೆ ಬೇರೆ ಬೋಧನೋಪಕರಣ ಬೇಕಾಗಲಿಲ್ಲ.

ಬೆವರಿಗೆ ಇನ್ನೊಂದು ಚಟುವಟಿಕೆ. ಒಂದು ಅಂಗೈಯನ್ನು ಒದ್ದೆ ಮಾಡಿಕೊಂಡು, ಇನ್ನೊಂದನ್ನು ಒಣಗಿರಲು ಬಿಟ್ಟು, ಎರಡಕ್ಕೂ ನೋಟ್‌ಬುಕ್ಕಿನಿಂದ ಗಾಳಿ ಬೀಸಬೇಕು. ಒದ್ದೆ ಕೈ ತಣ್ಣಗಾಗುತ್ತದೆ. ಒಂದು ಗ್ರಾಂ ಬೆವರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖವನ್ನು ಚರ್ಮದಿಂದ ಹೀರಿಕೊಳ್ಳುತ್ತದೆ. (ಇದು ಶಾಖದ ಸಣ್ಣ ಕ್ಯಾಲೊರಿ, ಆಹಾರದ ಲೆಕ್ಕದಲ್ಲಿ ಹೇಳುವ ಕ್ಯಾಲೊರಿ ಇದರ ಸಾವಿರ ಪಟ್ಟು. ಪ್ರಶಿಕ್ಷಣಾರ್ಥಿಗಳು ಇಲ್ಲಿ ಎಡವುವುದುಂಟು.) ಮಣ್ಣಿನ ಮಡಕೆಯ ನೀರು ತಣ್ಣಗಿರುವುದೂ ಇದೇ ಕಾರಣಕ್ಕೆ. ಮಡಕೆಯ ಹೊರಮೈ ಒಣಗಿದರೆ ನೀರು ತಣ್ಣಗಾಗದು. ಮೈಯಲ್ಲಿ ನೀರು ತೀರಾ ಕಡಿಮೆಯಾದರೆ ಬೆವರೂ ಕಡಿಮೆಯಾಗಿ ಮೈ ಬಿಸಿ ಏರುತ್ತದೆ. ಬಿಸಿಲಿನಲ್ಲಿ ಕಬಡ್ಡಿ ಆಡಿದ ಮಗುವಿಗೆ ಬರುವ ತಲೆನೋವನ್ನು ಇಲ್ಲಿಂದ ವಿವರಿಸಬಹುದು.

ತೂಬು ಯಾರ ಕೈಯಲ್ಲಿ?

ಕಟ್ಟೆಯಲ್ಲಿ ನೀರು ಕಡಿಮೆಯಾದಾಗ ಏನು ಮಾಡುತ್ತಾರೆ? ನಾಲೆಗೆ ಬಿಡುವುದನ್ನು ನಿಲ್ಲಿಸುತ್ತಾರೆ. ಮೈಯಲ್ಲೂ ಹಾಗೆಯೇ. ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್ ರಕ್ತ ಎಷ್ಟು ಗಟ್ಟಿಯಾಗಿದೆ ಎಂಬುದನ್ನು ಸದಾ ಗಮನಿಸುತ್ತಿರುತ್ತದೆ. ಶೇ. 1ರಿಂದ 2ರಷ್ಟು ವ್ಯತ್ಯಾಸವಾದರೂ ಅದಕ್ಕೆ ಗೊತ್ತಾಗುತ್ತದೆ. ಆಗ ಅದು ಎರಡು ಕೆಲಸ ಮಾಡುತ್ತದೆ: ಬಾಯಾರಿಕೆ ಹುಟ್ಟಿಸುತ್ತದೆ, ವ್ಯಾಸೊಪ್ರೆಸಿನ್ ಎಂಬ ಹಾರ್ಮೋನಿನ ಮೂಲಕ ಮೂತ್ರಪಿಂಡಗಳಿಗೆ ‘ತೂಬು ಇಳಿಸಿ’ ಎಂದು ಹೇಳಿ ಕಳಿಸುತ್ತದೆ.

ವಯಸ್ಕರ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಅಂದರೆ ಒಂಬತ್ತು ಕ್ಯಾನು! ಅದರಲ್ಲಿ ಒಂದೂವರೆ ಲೀಟರಿನ ಆಸುಪಾಸು ಮಾತ್ರ ಮೂತ್ರವಾಗಿ ಹೊರಹೋಗುತ್ತದೆ. ಉಳಿದದ್ದೆಲ್ಲ ರಕ್ತಕ್ಕೆ ಹಿಂದಿರುಗುತ್ತದೆ. ನೀರು ಕಡಿಮೆ ಕುಡಿದ ದಿನ ಇನ್ನೂ ಹೆಚ್ಚು ನೀರನ್ನು ಹಿಂದಕ್ಕೆ ಎಳೆದುಕೊಳ್ಳುವುದರಿಂದ ಮೂತ್ರ ಕಡಿಮೆಯಾಗುತ್ತದೆ, ಬಣ್ಣ ಗಾಢವಾಗುತ್ತದೆ. ಆದರೆ ತೂಬನ್ನು ಪೂರ್ತಿ ಮುಚ್ಚಲು ಆಗುವುದಿಲ್ಲ. ಯೂರಿಯಾ ಮೊದಲಾದ ಕಶ್ಮಲಗಳನ್ನು ಹೊರಹಾಕಲು ವಯಸ್ಕರಿಗೆ ದಿನಕ್ಕೆ ಅರ್ಧ ಲೀಟರ್ ಮೂತ್ರವಾದರೂ ಬೇಕೇ ಬೇಕು.

ಹಾಗಾಗಿ ಪ್ರತಿ ಮಗುವಿನ ಬಳಿಯೂ ಒಂದು ಮಟ್ಟದ ಅಳತೆಗೋಲು ಇದೆ. ಮೂತ್ರ ತಿಳಿ ಹಳದಿಯಾಗಿದ್ದರೆ ಮಟ್ಟ ಸರಿಯಾಗಿದೆ. ಗಾಢ ಹಳದಿಯಾಗಿದ್ದರೆ ಒಳಹರಿವು ಸಾಲದು. ಚೆನ್ನಾಗಿ ನೀರು ಕುಡಿದರೂ ಬಣ್ಣ ಗಾಢವಾಗಿಯೇ ಇದ್ದರೆ, ಕಣ್ಣು ಹಳದಿಯಾದರೆ ಅಥವಾ ಮೂತ್ರ ಕೆಂಪಾದರೆ ವೈದ್ಯರಿಗೆ ತೋರಿಸಬೇಕು. ವಿಟಮಿನ್ ಮಾತ್ರೆ, ಬೀಟ್‌ರೂಟ್ ಕೂಡ ಬಣ್ಣ ಬದಲಿಸುತ್ತವೆ ಎಂಬುದನ್ನೂ ಹೇಳಬೇಕು.

ಹೋಲಿಕೆ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಮಕ್ಕಳಿಗೆ ತಿಳಿಸಬೇಕು. ಕಟ್ಟೆ ಮಳೆಗಾಲದ ನೀರನ್ನು ಬೇಸಿಗೆಗೆ ಹಿಡಿದಿಡುತ್ತದೆ. ಮೈ ಹಾಗೆ ಕೂಡಿಡುವುದಿಲ್ಲ. ಬೆಳಿಗ್ಗೆ ಒಂದು ತಂಬಿಗೆ ನೀರನ್ನು ಒಮ್ಮೆಲೇ ಕುಡಿದು ಸಂಜೆಯವರೆಗೆ ಸುಮ್ಮನಿರಲು ಬಾರದು. ಹೆಚ್ಚಾದದ್ದು ಒಂದೆರಡು ಗಂಟೆಯಲ್ಲಿ ಹೊರಟುಹೋಗುತ್ತದೆ. ಆಗಾಗ ಸ್ವಲ್ಪ ಸ್ವಲ್ಪ ಕುಡಿಯಬೇಕು ಎನ್ನುವುದು ಇದಕ್ಕೇ.

ನೀರು ಏನು ಮಾಡುತ್ತದೆ, ಏನು ಮಾಡುವುದಿಲ್ಲ

ದಿನವೂ ಸಾಕಷ್ಟು ನೀರು ಕುಡಿಯುವುದರಿಂದ ಆಗುವ ಪ್ರಯೋಜನಗಳು ದೊಡ್ಡ ಮಾತುಗಳಲ್ಲಿ ಹೇಳುವಂಥವಲ್ಲ. ಆದರೆ ನಿಜವಾದವು. ಮೂತ್ರ ತಿಳಿಯಾಗಿದ್ದರೆ ಅದರಲ್ಲಿರುವ ಲವಣಗಳು ಹರಳುಗಟ್ಟುವ ಸಾಧ್ಯತೆ ಕಡಿಮೆ. ಆದ್ದರಿಂದ ಮೂತ್ರಪಿಂಡದ ಕಲ್ಲು ಆದವರಿಗೆ ವೈದ್ಯರು ಮೊದಲು ಹೇಳುವುದು ನೀರು ಕುಡಿಯಿರಿ ಎಂದೇ. ಮೂತ್ರನಾಳದ ಸೋಂಕು ಮತ್ತೆ ಮತ್ತೆ ಬರುತ್ತಿದ್ದ, ಕಡಿಮೆ ನೀರು ಕುಡಿಯುವ ಮಹಿಳೆಯರ ಮೇಲೆ ನಡೆದ, 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದಿನಕ್ಕೆ ಒಂದೂವರೆ ಲೀಟರ್ ಹೆಚ್ಚು ನೀರು ಕುಡಿದವರಿಗೆ ಸೋಂಕು ಬರುವುದು ಅರ್ಧದಷ್ಟಕ್ಕೆ ಇಳಿಯಿತು. ಕಡಿಮೆ ನೀರು ಕುಡಿಯುವವರಲ್ಲಿ ಮಲಬದ್ಧತೆಗೂ ನೀರು ನೆರವಾಗುತ್ತದೆ.

ಶಿಕ್ಷಕರಿಗೆ ಹತ್ತಿರದ ಇನ್ನೊಂದು ಸಂಗತಿ ಇದೆ. ದೇಹದ ತೂಕದ ಶೇ. 2ರಷ್ಟು ನೀರು ಕಡಿಮೆಯಾದರೆ ಗಮನ ಕುಂದುತ್ತದೆ, ತಲೆ ನೋಯುತ್ತದೆ, ಸಿಡುಕು ಬರುತ್ತದೆ. 30 ಕೆ.ಜಿ. ಮಗುವಿಗೆ ಇದು ಬರೀ 600 ಮಿ.ಲೀ. ಮಧ್ಯಾಹ್ನದ ಮೇಲಿನ ಅವಧಿಯಲ್ಲಿ ತೂಕಡಿಸುವ ಮಗುವನ್ನು ‘ಬಿಸಿಯೂಟ ಹೆಚ್ಚಾಯಿತು’ ಎಂದು ಗದರುವ ಮೊದಲು ‘ನೀರು ಕುಡಿದೆಯಾ?’ ಎಂದು ಕೇಳಬಹುದು.

ಬರೀ ನೀರೇ ಏಕೆ ಎಂಬುದಕ್ಕೆ ಸಕ್ಕರೆ ಡಬ್ಬಿ ತಂದಿದ್ದೆ. ಅಂಗಡಿಯಲ್ಲಿ ಸಿಗುವ ಬಣ್ಣದ ತಂಪು ಪಾನೀಯಗಳಲ್ಲಿ ಸಾಮಾನ್ಯವಾಗಿ 100 ಮಿ.ಲೀ.ಗೆ 10 ಗ್ರಾಮಿನಷ್ಟು ಸಕ್ಕರೆ ಇರುತ್ತದೆ. 250 ಮಿ.ಲೀ. ಬಾಟಲಿಗೆ ಐದು ಚಮಚ ತುಂಬ ಅಳೆದು ಲೋಟಕ್ಕೆ ಹಾಕಿ ತೋರಿಸಿದೆ. ನೀರಿನಲ್ಲಿ ಸಕ್ಕರೆಯೂ ಇಲ್ಲ, ಕ್ಯಾಲೊರಿಯೂ ಇಲ್ಲ. ಹಲ್ಲಿಗೆ ಹುಳುಕಿನ ಭಯವೂ ಇಲ್ಲ.

ನೀರು ಮಾಡದ ಕೆಲಸಗಳನ್ನೂ ಹೇಳಿದೆ. ಖಾಲಿ ಹೊಟ್ಟೆಯಲ್ಲಿ ನೀರು ಕುಡಿದರೆ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎಂಬುದು ನಿಜವಲ್ಲ. ಆಟದಲ್ಲಿ ಪಂದ್ಯ ಕಟ್ಟಿ ಒಂದೇ ಸಮನೆ ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಹೃದಯದ, ಮೂತ್ರಪಿಂಡದ ಕಾಯಿಲೆ ಇರುವ ಮನೆಯ ಹಿರಿಯರಿಗೆ ವೈದ್ಯರು ನೀರಿನ ಮಿತಿ ಹೇಳಿರುತ್ತಾರೆ. ಮಕ್ಕಳು ಮನೆಗೆ ಹೋಗಿ ಅಜ್ಜಿಗೆ ಬಲವಂತ ಮಾಡಬಾರದು.

ಎಂಟು ಲೋಟದ ಲೆಕ್ಕ

ಮೊದಲ ಪಾಠದಲ್ಲಿ ನಾನು ಕಪ್ಪುಹಲಗೆಯ ಮೇಲೆ ಬರೆದ ‘ಎಂಟು ಲೋಟ’ ಎಲ್ಲಿಂದ ಬಂತು? 1945ರಲ್ಲಿ ಅಮೆರಿಕದ ಆಹಾರ ಮತ್ತು ಪೋಷಣಾ ಮಂಡಳಿ ವಯಸ್ಕರಿಗೆ ದಿನಕ್ಕೆ ಸುಮಾರು ಎರಡೂವರೆ ಲೀಟರ್ ನೀರು ಬೇಕೆಂದಿತು. ಅದರ ಹೆಚ್ಚಿನ ಪಾಲು ಆಹಾರದಲ್ಲೇ ಇರುತ್ತದೆ ಎಂದೂ ಹೇಳಿತ್ತು. ಈ ಎರಡನೆಯ ಮಾತು ಉದುರಿಹೋಗಿ ಮೊದಲನೆಯದು ಉಳಿದುಕೊಂಡಿದ್ದೇ ಎಂಟು ಲೋಟಕ್ಕೆ ಮೂಲವೆಂದು ಹಲವರ ಅಭಿಪ್ರಾಯ. 2002ರಲ್ಲಿ ಹೈನ್ಜ್ ವಾಲ್ಟಿನ್ ಎಂಬ ಮೂತ್ರಪಿಂಡ ತಜ್ಞರು ಇದಕ್ಕೆ ಆಧಾರ ಹುಡುಕಿ, ಆರೋಗ್ಯವಂತ ವಯಸ್ಕರೆಲ್ಲರಿಗೂ ಎಂಟು ಲೋಟ ಬೇಕೆನ್ನಲು ವೈಜ್ಞಾನಿಕ ಪುರಾವೆ ಸಿಗಲಿಲ್ಲ ಎಂದು ಬರೆದರು.

ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ ಕೊಟ್ಟ ಲೆಕ್ಕದಂತೆ 9ರಿಂದ 13 ವರ್ಷದ ಹುಡುಗರಿಗೆ ದಿನಕ್ಕೆ 2.1 ಲೀಟರ್, ಹುಡುಗಿಯರಿಗೆ 1.9 ಲೀಟರ್ ಸಾಕು. ಇದು ಅನ್ನ, ಸಾರು, ಹಾಲು ಎಲ್ಲವೂ ಸೇರಿದ ಒಟ್ಟು ಒಳಹರಿವು. ಅದೂ ಹಿತವಾದ ಹವೆಗೆ ಹೇಳಿದ್ದು. ನಮ್ಮ ಬೇಸಿಗೆಯಲ್ಲಿ ಓಡಾಡುವ ಮಗುವಿಗೆ ಇನ್ನೂ ಬೇಕು. ಆದ್ದರಿಂದ ಲೋಟದ ಸಂಖ್ಯೆ ಬಾಯಿಪಾಠ ಮಾಡಿಸುವುದಕ್ಕಿಂತ ಬಾಯಾರಿಕೆಯನ್ನು ಮುಂದೂಡದೆ ಕುಡಿಯುವುದು, ಬಣ್ಣ ನೋಡಿಕೊಳ್ಳುವುದು, ಆಟಕ್ಕೆ ಮುಂಚೆ ಮತ್ತು ಆಮೇಲೆ ಕುಡಿಯುವುದನ್ನು ಕಲಿಸುವುದು ಮೇಲು.

ಯಾವ ನೀರು?

ಸುತ್ತಮುತ್ತ ನಾಲೆ, ಗದ್ದೆ, ಕಬ್ಬು ಇದ್ದರೂ, ಊರಿನ ಹೆಸರಿನಲ್ಲೇ ಕೆರೆ ಇದ್ದರೂ, ಕುಡಿಯುವ ನೀರಿಗೆ ನಮ್ಮ ಹಳ್ಳಿಗಳು ಹೆಚ್ಚಾಗಿ ನೆಚ್ಚಿರುವುದು ಕೊಳವೆಬಾವಿಯನ್ನು. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ. ನೈಟ್ರೇಟ್ 45 ಮಿ.ಗ್ರಾಂ ಮೀರಬಾರದು. ಮಕ್ಕಳಿಗೆ ಮುಖ್ಯವಾಗಿ ತಿಳಿಯಬೇಕಾದದ್ದು ಇಷ್ಟು: ನೀರು ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಹೆಚ್ಚೇ ಆಗುತ್ತದೆ. ಬಟ್ಟೆಯಲ್ಲಿ ಸೋಸಿದರೆ ಕಸ ಹೋಗುತ್ತದೆ, ರೋಗಾಣುಗಳೆಲ್ಲ ಹೋಗುವುದಿಲ್ಲ. ಜಲ ಜೀವನ್ ಮಿಷನ್ನಿನಡಿ ಹಳ್ಳಿಗೆ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ಕಿಟ್ ಬಳಸಲು ತರಬೇತಿ ಕೊಡುವ ವ್ಯವಸ್ಥೆ ಇದೆ. ಅಂಥ ಒಬ್ಬರನ್ನು ತರಗತಿಗೆ ಕರೆದು ಶಾಲೆಯ ನೀರನ್ನೇ ಪರೀಕ್ಷಿಸಿ ತೋರಿಸಿದರೆ ಅದಕ್ಕಿಂತ ಒಳ್ಳೆಯ ಪ್ರಾತ್ಯಕ್ಷಿಕೆ ಇಲ್ಲ.

ಸೊನ್ನೆ ಬರೆದ ಸಾಲು

ಎರಡನೆಯ ಪಾಠದ ಕೊನೆಗೆ ಒಂದು ಮನೆಗೆಲಸ ಕೊಟ್ಟೆ. ಮರುದಿನ ಶಾಲೆಗೆ ಬಂದ ಹೊತ್ತಿನಿಂದ ಬಿಡುವ ಹೊತ್ತಿನವರೆಗೆ ಕುಡಿದ ಪ್ರತಿ ಲೋಟ ನೀರಿಗೂ ಒಂದೊಂದು ಗೀಟು ಎಳೆಯಬೇಕು. ಹುಡುಗರ ಹಾಳೆಗಳಲ್ಲಿ ಎರಡು, ಮೂರು, ನಾಲ್ಕು ಗೀಟುಗಳಿದ್ದವು. ಹುಡುಗಿಯರ ಹಾಳೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸೊನ್ನೆ. ಕೆಲವರು ಬಿಸಿಯೂಟದ ನಂತರ ಒಂದು ಗೀಟು ಎಳೆದಿದ್ದರು.

ಮರೆತಿದ್ದಾರೆ ಎಂದುಕೊಂಡು, ‘ಬರೆಯಲು ಮರೆತಿರಾ, ಕುಡಿಯಲು ಮರೆತಿರಾ?’ ಎಂದು ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ. ಯಾರೂ ಮಾತನಾಡಲಿಲ್ಲ. ಗಂಟೆ ಹೊಡೆದು ಎಲ್ಲರೂ ಹೊರಗೆ ಹೋದ ಮೇಲೆ ಒಬ್ಬ ಹುಡುಗಿ ಹಾಳೆ ಕೊಡುವ ನೆಪದಲ್ಲಿ ನಿಂತಳು. ‘ಕುಡುದ್ರೆ ಹೋಗ್ಬೇಕಾಯ್ತದೆ ಮಿಸ್. ಬಾಗ್ಲಿಗೆ ಚಿಲ್ಕ ಇಲ್ಲ. ನಾವು ಮನೆಗೆ ಹೋದ್ಮೇಲೇ ಕುಡಿಯೋದು’ ಎಂದಳು.

ನನಗೆ ನಾಚಿಕೆಯಾಯಿತು. ನಾಚಿಕೆ ಆ ಚಿಲಕದ್ದಲ್ಲ. ನಾನೂ ಹೈಸ್ಕೂಲಿನ ಮೂರು ವರ್ಷ ಹಾಗೆಯೇ ಮಾಡಿದ್ದೆ. ಬೆಳಿಗ್ಗೆ ಒಂದು ಲೋಟ, ಸಂಜೆ ಮನೆಗೆ ಬಂದು ಗಟಗಟ ಎರಡು ತಂಬಿಗೆ. ಹತ್ತನೇ ತರಗತಿಯಲ್ಲಿ ಉರಿಮೂತ್ರವಾಗಿ ಪೂರ್ವಸಿದ್ಧತಾ ಪರೀಕ್ಷೆಯ ಹೊತ್ತಿಗೆ ಜ್ವರ ಬಂದಿತ್ತು. ಅದನ್ನೆಲ್ಲ ಮರೆತು, ಚಾರ್ಟ್ ಹಿಡಿದು ಎಂಟು ಲೋಟ ಎಂದು ಹೇಳಿಕೊಡುತ್ತಿದ್ದೆ. ಈ ಹುಡುಗಿಯರಿಗೆ ನೀರಿನ ಮಹತ್ವ ತಿಳಿದಿಲ್ಲವೆಂದಲ್ಲ. ಹೊರಹರಿವಿಗೆ ದಾರಿಯಿಲ್ಲವೆಂದು ಅವರೇ ಒಳಹರಿವನ್ನು ನಿಲ್ಲಿಸಿದ್ದರು. ಅದು ಲೆಕ್ಕಾಚಾರವೇ ಹೊರತು ಅಜ್ಞಾನವಲ್ಲ.

ತರಗತಿ ಶಿಕ್ಷಕಿಯವರಿಗೆ ಹೇಳಿದೆ. ಅವರು ಮುಖ್ಯ ಶಿಕ್ಷಕರ ಬಳಿಗೆ ಕರೆದೊಯ್ದರು. ಹುಡುಗಿಯ ಹೆಸರು ಹೇಳಲಿಲ್ಲ, ಹಾಳೆಗಳನ್ನು ಮಾತ್ರ ತೋರಿಸಿದೆವು. ಸೊನ್ನೆಗಳ ಸಾಲನ್ನು ನೋಡಿ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆ ವಾರದೊಳಗೆ ಚಿಲಕ ಬಂತು. ಎಸ್‌ಡಿಎಂಸಿ ಸದಸ್ಯರೊಬ್ಬರು ಮುಚ್ಚಳವಿರುವ ಡ್ರಮ್ಮು, ಬಕೆಟ್ಟು, ಮಗ್ಗು ತಂದುಕೊಟ್ಟರು. ಬೆಳಿಗ್ಗೆಯ ಅವಧಿಯಲ್ಲೊಮ್ಮೆ, ಮಧ್ಯಾಹ್ನದ ಮೇಲೊಮ್ಮೆ ನೀರಿಗಾಗಿ ಗಂಟೆ ಹೊಡೆಯುವುದೆಂದಾಯಿತು. 2019ರಲ್ಲಿ ಕೇರಳದ ಶಾಲೆಗಳಲ್ಲಿ ಸುದ್ದಿಯಾದ ಈ ನೀರಿನ ಗಂಟೆಯನ್ನು ಅದೇ ವರ್ಷ ನಮ್ಮ ರಾಜ್ಯದ ಶಿಕ್ಷಣ ಇಲಾಖೆಯೂ ಶಾಲೆಗಳಲ್ಲಿ ತರಲು ಮುಂದಾಗಿತ್ತು. ಗಂಟೆ ಹೊಡೆದಾಗ ಎಲ್ಲರೂ ಒಟ್ಟಿಗೆ ಕುಡಿಯುವುದರಿಂದ, ಎಲ್ಲರೂ ಒಟ್ಟಿಗೆ ಹೊರಗೆ ಹೋಗುವುದರಿಂದ, ಕೈ ಎತ್ತಿ ಅನುಮತಿ ಕೇಳುವ ಸಂಕೋಚ ತಪ್ಪಿತು.

ಎರಡು ವಾರದ ನಂತರ ಮತ್ತೆ ಗೀಟು ಎಣಿಸಿದೆ. ಹುಡುಗಿಯರ ಹಾಳೆಗಳಲ್ಲಿ ಒಂದು, ಎರಡು ಕಾಣಿಸಿಕೊಂಡವು. ಮೂರು ಹಾಳೆಗಳಲ್ಲಿ ಸೊನ್ನೆ ಹಾಗೆಯೇ ಇತ್ತು. ನನ್ನ ಅವಧಿ ಮುಗಿಯಿತು. ಆ ಮೂವರ ಕಾರಣ ತಿಳಿಯಲು ನನಗೆ ಸಮಯ ಸಾಲಲಿಲ್ಲ. ಹಾಳೆಗಳನ್ನು ತರಗತಿ ಶಿಕ್ಷಕಿಯವರಿಗೆ ಒಪ್ಪಿಸಿ ಬಂದೆ.

ಸಹಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠವನ್ನು ನೀವು ಬೋಧಿಸುವುದಾದರೆ ನನ್ನ ಅನುಭವದಿಂದ ನಾಲ್ಕು ಮಾತು. ಪಾಠ ಯೋಜನೆ ಬರೆಯುವ ಮೊದಲು ಶಾಲೆಯ ನಲ್ಲಿ, ಲೋಟ, ಶೌಚಾಲಯಗಳನ್ನು ಒಮ್ಮೆ ನೋಡಿ ಬನ್ನಿ, ಅದೂ ಪೂರ್ವಸಿದ್ಧತೆಯೇ. ನಿಮ್ಮ ಊರಿನ ಮಕ್ಕಳಿಗೆ ಆಗಲೇ ಗೊತ್ತಿರುವ ನೀರಿನ ಲೆಕ್ಕದಿಂದ ಆರಂಭಿಸಿ. ನಮಗೆ ಕಟ್ಟೆಯಿತ್ತು, ನಿಮಗೆ ಕೆರೆಯೋ ಟ್ಯಾಂಕೋ ಇರಬಹುದು. ಮೂತ್ರದ ಮಾತನ್ನು ನಾಚದೆ, ನಗಿಸದೆ, ವಿಜ್ಞಾನದ ಮಾತಾಗಿಯೇ ಆಡಿ. ನೀವು ಸಹಜವಾಗಿ ಆಡಿದರೆ ಮಕ್ಕಳೂ ಸಹಜವಾಗಿ ಕೇಳುತ್ತಾರೆ. ಗೀಟಿನ ಹಾಳೆಯನ್ನು ಹೆಸರಿಲ್ಲದೆ ಬರೆಸಿ. ನಾನು ಹೆಸರು ಬರೆಸಿದ್ದೆ, ಅದು ತಪ್ಪಾಯಿತು.

ಮೌಲ್ಯಮಾಪನಕ್ಕೆ ‘ದಿನಕ್ಕೆ ಎಷ್ಟು ಲೋಟ?’ ಎಂಬ ಪ್ರಶ್ನೆಯನ್ನು ನನ್ನ ಪಾಠ ಯೋಜನೆಯಿಂದ ತೆಗೆದಿದ್ದೇನೆ. ಅದರ ಜಾಗದಲ್ಲಿ ಈಗ ಇರುವುದು: ‘ಇವತ್ತು ನೀರು ಕುಡಿದೆಯಾ? ಇಲ್ಲವಾದರೆ ಯಾಕೆ?’